ಎರಡು ಸಲ ಬಿದ್ದ ಮದ್ದು

"ಆ ಜೋಡಿ ಮೀನು ನನ್ನವು. ಮುಟ್ಟಬೇಡಿ."

ಮಹಾಲ್ ಓಣಿಯ ದತ್ತುವಿನ ಸಾಕುಮೀನಿನ ಅಂಗಡಿಯಲ್ಲಿ ಹಿಂದಿಯಲ್ಲಿ ಹೀಗೆ ಗದರಿದವಳು ಸೌಜನ್ಯಾ. ಡಾಕ್ಟರ್. ಅಪ್ಪ ಧಾರವಾಡದಿಂದ ಆರ್ಡ್‌ನೆನ್ಸ್ ಫ್ಯಾಕ್ಟರಿಗೆ ಬಂದವರು, ಇವಳು ಹುಟ್ಟಿ ಬೆಳೆದದ್ದೆಲ್ಲ ನಾಗಪುರದಲ್ಲೇ.

"ಮೀನಿನ ಮೇಲೆ ನಿಮ್ಮ ಹೆಸರು ಬರೆದಿದೆಯಾ?" ಎಂದ ಎದುರಿಗಿದ್ದವನು, ಅವನೂ ಹಿಂದಿಯಲ್ಲೇ.

"ಎಂಥಾ ಮಳ್ಳ ಇದ್ದಾನಪಾ ಇವ" ಎಂದು ಅವಳು ಕನ್ನಡದಲ್ಲಿ ಗೊಣಗಿದಳು.

"ಮಳ್ಳ ಅಂದ್ರೆ ಏನು?"

ಕನ್ನಡ! ಹುಚ್ಚ ಎಂದು ಬೈದದ್ದು ಅವನಿಗೆ ಕೇಳಿಸಿತ್ತು! ಅವಳ ಮುಖ ಕಿವಿಯವರೆಗೂ ಕೆಂಪೇರಿತು...

ಅವನು ವಿಜಯೇಂದ್ರ. ನೀರಿನ ಸಂಶೋಧನೆಯ ಕೆಲಸಕ್ಕೆಂದು ಬೆಂಗಳೂರಿನಿಂದ ಬಂದವನು. ಅವತ್ತು ಮೀನು ಯಾರ ಮನೆಗೂ ಹೋಗಲಿಲ್ಲ. ಅವನ್ನು ನೋಡುವ ನೆಪದಲ್ಲಿ ಇಬ್ಬರೂ ಅಂಗಡಿಗೆ ಬರತೊಡಗಿದರು. ಮದುವೆಯಾದ ಮೇಲೆ ಆ ಕಿತ್ತಳೆ ಬಣ್ಣದ ಜೋಡಿ ಇವರ ಮನೆಯ ಹಾಲ್‌ನಲ್ಲಿದ್ದ, ಜೀವಂತ ಹವಳ ಬೆಳೆಸುವ ಟ್ಯಾಂಕಿಗೆ ಬಂದಿತು. ಸಮುದ್ರ ಎಲ್ಲಿ, ನಾಗಪುರ ಎಲ್ಲಿ! ಆದರೂ ಇಬ್ಬರೂ ಸೇರಿ ಉಪ್ಪು ನೀರು ಬೆರೆಸುತ್ತಿದ್ದರು, ಗಾಜು ತಿಕ್ಕುತ್ತಿದ್ದರು, ಹವಳ ಒಂದು ಮೊಳಕೆ ಒಡೆದರೆ ಊರಿಗೆಲ್ಲ ಫೋನು.

ಇಷ್ಟು ಚೆಂದ ಇದ್ದದ್ದು ಕೆಟ್ಟದ್ದು ಹೇಗೆ ಅಂತೀರಾ?

ಬಸುರಿನ ಆರನೇ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ಹೋಯಿತು. ಹೆಣ್ಣು ಮಗು.

ಆಸ್ಪತ್ರೆಯಿಂದ ಬಂದ ಮರುದಿನ ಅವಳು ಕಣ್ಣು ಬಿಟ್ಟಾಗ ಕಂಡದ್ದು ಗಂಡನ ಬೆನ್ನು. ಅವನು ಟ್ಯಾಂಕಿನೊಳಗೆ ಕೈ ಇಳಿಸಿ ಗಾಜು ತಿಕ್ಕುತ್ತಿದ್ದ. ಅಡುಗೆಯವಳು ಬಂದು ಹೋಗುವವರೆಗೂ ತಿಕ್ಕುತ್ತಲೇ ಇದ್ದ.

'ನನ್ನ ಮಗು ಹೋಗೇತಿ. ಇವಗ ಮೀನಿನ ಚಿಂತಿ...' ಅಂದುಕೊಂಡಳು. ಆ ಮಾತು ಎದೆಯೊಳಗೇ ಉಳಿದು ಹುಣ್ಣಾಯಿತು.

ಅವಳು ಮುಖ ತಿರುಗಿಸಿದ್ದನ್ನು ಅವನು ಕಂಡ. 'ನನ್ನ ಮುಖ ನೋಡೋಕೂ ಇಷ್ಟ ಇಲ್ಲ ಅವಳಿಗೆ' ಎಂದುಕೊಂಡ. ಇಬ್ಬರೂ ಓದಿದವರು. ಓದಿದವರಿಗೆ ಬಾಯಿ ಇರುವುದಿಲ್ಲವೇನೋ!

ಅವಳು ರಾತ್ರಿ ಪಾಳಿ ಕೇಳಿ ಹಾಕಿಸಿಕೊಂಡಳು. ಅವನದು ಹಗಲು. ಒಂದೇ ಮನೆಯಲ್ಲಿ ಬಾಡಿಗೆದಾರರ ಹಾಗೆ ಬದುಕಿದರು. ಟ್ಯಾಂಕಿನ ಮುಂದೆ ನಿಲ್ಲುವುದನ್ನೂ ಬಿಟ್ಟರು. ಮೀನಿಗೆ ಇವಳೂ ಊಟ ಹಾಕುವಳು, ಅವನೂ ಹಾಕುವನು, ನೀರು ಬದಲಿಸುವವರು ಯಾರೂ ಇಲ್ಲ. ಮಿಕ್ಕಿದ್ದು ತಳದಲ್ಲಿ ಕೊಳೆಯಿತು. ಮೇ ತಿಂಗಳ ಬಿಸಿಲು ಬೇರೆ. ಮರಳಿನ ಮೇಲೆ ಕೆಂಪು ಲೋಳೆ ಹಬ್ಬಿತು. ಸಯನೋಬ್ಯಾಕ್ಟೀರಿಯಾ. ನೋಡನೋಡುತ್ತ ಅದು ಹವಳಗಳ ಕುತ್ತಿಗೆಯವರೆಗೆ ಏರಿತು.

ಸೌಜನ್ಯಾ ಧಾರವಾಡದ ಆಸ್ಪತ್ರೆಯೊಂದರಲ್ಲಿ ಕೆಲಸ ಹುಡುಕಿಕೊಂಡಳು. ಟಿಕೆಟ್ಟೂ ಆಯಿತು. "ಶುಕ್ರವಾರ ಹೊಂಟೀನಿ" ಎಂದಾಗ ಅವನು "ಸರಿ" ಎಂದ, ಅಷ್ಟೇ. ತಡೆಯಬಹುದೆಂದು ಅವಳು ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದಳು. ಅವನು ತಡೆಯಲಿಲ್ಲ. ಆ ನೋವು ಮಗು ಹೋದ ನೋವಿಗಿಂತ ಕಡಿಮೆಯದೇನಲ್ಲ.

ಗುರುವಾರ ಬೆಳಿಗ್ಗೆ ಅವಳು ದತ್ತುವಿನ ಅಂಗಡಿಯಿಂದ ಲೋಳೆ ಕೊಲ್ಲುವ ಪುಡಿ ತಂದಳು. ಕೈಗೆ ಸಿಕ್ಕಷ್ಟು ಲೋಳೆಯನ್ನು ಪೈಪಿನಿಂದ ಎಳೆದು ತೆಗೆದಳು. ನೀರಿನ ಲೆಕ್ಕಕ್ಕೆ ಸರಿಯಾಗಿ ಪುಡಿ ಕರಗಿಸಿ ಹಾಕಿದಳು. ಮದ್ದು ಬಿದ್ದಾಗ ನೊರೆ ಉಕ್ಕಿ ಹರಿಯುತ್ತದೆಂದು ನೀರಿನ ಕೊಳೆ ಎತ್ತುವ ಸ್ಕಿಮ್ಮರ್ ಯಂತ್ರವನ್ನು ನಿಲ್ಲಿಸಿ, ಗಾಳಿ ಗುಳ್ಳೆಯ ಪಂಪು ಹಚ್ಚಿದಳು. ಸಾಯುವ ಲೋಳೆ ನೀರಿನ ಆಮ್ಲಜನಕವನ್ನೆಲ್ಲ ನುಂಗುತ್ತದೆ, ಅದಕ್ಕೆ ಗಾಳಿ ಬೇಕೇ ಬೇಕು. ಒಂದು ಅಳತೆ ಮದ್ದನ್ನು ಮೀನು ತಾಳುತ್ತವೆ, ಅದರ ಮೇಲೆ ಹಾಕಬಾರದು.

ಗಂಡನಿಗೆ ಮಾತ್ರ ಹೇಳಲಿಲ್ಲ. ಹೇಳುವಷ್ಟು ಮಾತು ಅವರಲ್ಲಿ ಉಳಿದಿರಲಿಲ್ಲ.

ಸಂಜೆ ಅವಳು ಡ್ಯೂಟಿಗೆ ಹೋದ ಮೇಲೆ ವಿಜಯೇಂದ್ರ ಬಂದ. ಅವನ ಬ್ಯಾಗಿನಲ್ಲೂ ಅದೇ ಪುಡಿ! ಸ್ಕಿಮ್ಮರ್ ನಿಂತು, ಗಾಳಿ ಪಂಪು ಮಾತ್ರ ಓಡುತ್ತಿರುವುದನ್ನು ಕಂಡ. 'ಹಗಲು ಮಲಗುವಾಗ ಸ್ಕಿಮ್ಮರ್ ಸದ್ದಾಗುತ್ತೆ ಅಂತ ನಿಲ್ಲಿಸಿ ಪಂಪಿಗೆ ಬಿಟ್ಟಿದ್ದಾಳೆ. ಇದು ಸತ್ರೂ ಅವಳಿಗೇನು' ಎಂದುಕೊಂಡ. ಅಳತೆಗೆ ಸರಿಯಾಗಿ ಪುಡಿ ಕರಗಿಸಿದ, ಸುರಿದ.

ಶುಕ್ರವಾರ ಬೆಳಿಗ್ಗೆ ಅವಳು ಬಾಗಿಲು ತೆರೆದಾಗ ಅವನು ನೆಲದ ಮೇಲೆ ಕೂತಿದ್ದ. ಅಂಗೈಯಲ್ಲಿ ಎರಡೂ ಮೀನು. ಟ್ಯಾಂಕಿನ ನೀರು ಹಾಲಿನಂತೆ ಬೆಳ್ಳಗಾಗಿತ್ತು. ಹವಳಗಳ ಮಾಂಸ ಕಳಚಿ ನೇತಾಡುತ್ತಿತ್ತು.

'ನಾನೇ ಕೊಂದೆ...' ಸೌಜನ್ಯಾಳ ಕೈಯಿಂದ ಬ್ಯಾಗು ಜಾರಿತು.

"ನನ್ನಿಂದ ಆಯ್ತು" ಎಂದ ವಿಜಯೇಂದ್ರ ತಲೆ ಎತ್ತದೆ. "ನಿನ್ನೆ ಸಂಜೆ ಮದ್ದು ಹಾಕಿದೆ. ಅಳತೆ ಸರಿಯಾಗೇ ಇತ್ತು ಸೌಜೂ... ಹೇಗೆ ತಪ್ಪಿತೋ ಗೊತ್ತಾಗ್ತಿಲ್ಲ."

"ನೀ ಹಾಕಿದ್ಯಾ?"

"ಹೂಂ."

"ವಿಜಿ... ನಿನ್ನೆ ಮುಂಜಾನೆ ನಾ ಹಾಕಿದ್ದೆ."

ಅವನು ತಲೆ ಎತ್ತಿ ಅವಳನ್ನು ನೋಡಿದ. ಎಷ್ಟೋ ದಿನಗಳ ಮೇಲೆ ಅವರು ಒಬ್ಬರ ಕಣ್ಣನ್ನೊಬ್ಬರು ನೋಡಿದ್ದು ಆಗಲೇ.

"ಆಸ್ಪತ್ರ್ಯಾಗ ಒಂದು ಪಾಳಿಯವರು ಇನ್ನೊಂದು ಪಾಳಿಯವರಿಗೆ ಹೇಳದ ಒಂದು ಗುಳಿಗಿ ಕೊಡಂಗಿಲ್ಲ" ಎಂದಳು ಅವಳು. ಧ್ವನಿ ಒಡೆಯಿತು. "ಮನ್ಯಾಗ ನಾವು ಏನೂ ಹೇಳಲಿಲ್ಲಲ್ಲೋ..."

"ನೀನು ಯಾಕೆ ಹಾಕಿದೆ? ಹೊರಡೋಳು ನೀನು."

"ನಾ ಹೋದ ಮ್ಯಾಲೆ ನಿನಗ ಇವಾದರೂ ಇರಲಿ ಅಂತ. ನೀ ಯಾಕ ಹಾಕಿದಿ?"

"ನೀನು ಹೋಗುವಾಗ ಒಂದ್ಸಲ ತಿರುಗಿ ನೋಡ್ತೀಯ ಅಂದ್ಕೊಂಡೆ. ಆಗ ಟ್ಯಾಂಕು ಚೆನ್ನಾಗಿ ಕಾಣಲಿ, ಅಷ್ಟೇ."

ಅವಳು ಅವನ ಎದುರು ಕುಸಿದು ಕೂತಳು. ಇಷ್ಟು ದಿನ ನುಂಗಿದ್ದು ಆಗ ಹೊರಗೆ ಬಂತು.

"ಅವತ್ತು ಮಗು ಹೋದ ಮರುದಿನ... ನೀ ಗಾಜು ತಿಕ್ಕಾಕತ್ತಿದ್ದಿ. ನನ್ನ ಹತ್ರ ಬರಲಿಲ್ಲ. ಒಂದು ಹನಿ ಕಣ್ಣೀರು ಹಾಕಲಿಲ್ಲ."

"ಕೈ ನಡುಗ್ತಾ ಇತ್ತು ಸೌಜೂ. ನಿಲ್ಲಿಸೋಕೇ ಆಗ್ಲಿಲ್ಲ. ನೀನು ನೋಡಿದ್ರೆ ಇನ್ನೂ ಕುಗ್ಗಿ ಹೋಗ್ತೀಯ ಅಂತ ನೀರಲ್ಲಿ ಮುಚ್ಚಿಟ್ಕೊಂಡೆ." ಅವನ ಕೆನ್ನೆ ಒದ್ದೆಯಾಗಿತ್ತು. "ಆಮೇಲೆ ನೀನು ಮುಖ ತಿರುಗಿಸಿದೆ. ನಾನು ಹತ್ತಿರ ಬರೋದು ನಿನಗೆ ಬೇಡ ಅಂದ್ಕೊಂಡೆ."

"ಬೇಕಿತ್ತು" ಎಂದಳು. "ಭಾಳ ಬೇಕಿತ್ತು."

ಅವಳು ಅವನ ಭುಜಕ್ಕೆ ಹಣೆ ಹಚ್ಚಿ ಅತ್ತಳು. ಅವನೂ ಅತ್ತ. ಟ್ಯಾಂಕು ಇನ್ನು ಉಳಿಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಮಗುವೂ ಬರುವುದಿಲ್ಲ. ಯಾವುದೂ ಸರಿಹೋಗಲಿಲ್ಲ, ಆದರೆ ಅಳುವುದಕ್ಕೆ ಈಗ ಇಬ್ಬರಿದ್ದರು.

"ನಾ ಹೋಗಂಗಿಲ್ಲ" ಎಂದಳು ಬಹಳ ಹೊತ್ತಿನ ಮೇಲೆ.

"ನಿನ್ನ ಬಿಟ್ಟು ಇರೋಕೆ ನನಗೂ ಆಗಲ್ಲ. ಅವತ್ತೇ ಹೇಳ್ಬೇಕಿತ್ತು, ಧೈರ್ಯ ಬರಲಿಲ್ಲ." ಅವನು ಅಂಗೈಯ ಮೀನುಗಳನ್ನು ಮೆಲ್ಲಗೆ ಕೆಳಗಿಟ್ಟ. "ಒಂದು ಮಾತು ಹೇಳ್ಲಾ? ನಮ್ಮ ಮಗುವಿಗೆ ನಾನೊಂದು ಹೆಸರು ಇಟ್ಟಿದ್ದೆ. ಮನಸ್ಸಲ್ಲೇ."

"ನಾನೂ ಇಟ್ಟಿದ್ದೆ... ನೀ ಮೊದಲ ಹೇಳು."

"ಅಕ್ಷರಾ. ನಿಂದು?"

"ಲಕ್ಷ್ಮವ್ವ. ನಮ್ಮ ಅಜ್ಜಿ ಹೆಸರು."

"ಈ ಕಾಲದಲ್ಲಿ ಲಕ್ಷ್ಮವ್ವನಾ?" ಅಳುವಿನ ನಡುವೆ ಅವನಿಗೆ ನಗು ಬಂತು.

"ತೊಟ್ಟಿಲದ ಹೆಸರು ಲಕ್ಷ್ಮವ್ವ, ಕರಿಯೋ ಹೆಸರು ಅಕ್ಷರಾ. ನಮ್ಮ ಕಡೆ ಎರಡು ಇಡ್ತಾರ."

"ಹಾಗಾದ್ರೆ ಒಂದ್ಸಲ ಕರಿ."

ಅವಳು ಅವನ ಕೈ ಹಿಡಿದು, "ಅಕ್ಷರಾ..." ಎಂದು ಮೆಲ್ಲಗೆ ಕರೆದಳು.