ಮಾವನ ರೇಡಿಯೋ ವಾಲ್ವ್

ನಾನು ಸೋಲ್ಡರಿಂಗ್ ಕೆಲಸದವನು, ದೆವ್ವಗಿವ್ವ ನಂಬುವವನಲ್ಲ. ತೀರಿಕೊಂಡ ಮಾವ ಸೀನಪ್ಪನವರ ರೇಡಿಯೋದಿಂದ ಬಲ್ಬಿನಂಥ ಹಳೇ ಗಾಜಿನ ವಾಲ್ವೊಂದನ್ನು ಕಿತ್ತು, ಅದಕ್ಕೆ ಹೊಸ ಟ್ರಾನ್ಸಿಸ್ಟರ್‌ಗಳನ್ನು ಜೋಡಿಸಿ ಆಂಪ್ಲಿಫೈಯರ್ ಮಾಡಿದೆ. ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ನಾಲ್ಕು ಮಗ್ಗಗಳ ಸದ್ದನ್ನು ಮೀರಿ ಹಾಡು ಕೇಳಬೇಕಲ್ಲ!

ಸ್ವಿಚ್ ಹಾಕಿದೆ. ವಾಲ್ವ್ ಕೆಂಪಗೆ ಉರಿಯಿತು. ಮುಟ್ಟಿದರೆ ಐಸಿನಂತೆ ತಣ್ಣಗಿತ್ತು. ಹಾಡಿಗೆ ಮೊದಲು ಸ್ಪೀಕರಿನಲ್ಲಿ ಮಾವನ ಕೆಮ್ಮು, ಆಮೇಲೆ ಬದುಕಿದ್ದಾಗ ಮಗ್ಗದ ಪಕ್ಕ ಕೂತು ಹಾಕುತ್ತಿದ್ದ ಅದೇ ಗದರಿಕೆ: “ಎಳೆ ಹರಿದೈತೆ, ನೋಡ್ರಲಾ!”

“ಬಂದೆ ಕಣಪ್ಪಾ!” ಎಂದು ನನ್ನ ಹೆಂಡತಿ ವನಜಾ ಅಡುಗೆಮನೆಯಿಂದ ಓಡಿಬಂದು ನಾಲ್ಕೂ ಮಗ್ಗ ನಿಲ್ಲಿಸಿ ನೋಡಿದಳು. ಒಂದೆಳೆಯೂ ಹರಿದಿರಲಿಲ್ಲ. “ಸತ್ತ್‌ಮೇಲೂ ಸುಳ್ಳು ಹೇಳಿ ಓಡಾಡಿಸ್ತೀಯಲ್ಲಪ್ಪಾ!” ಎಂದು ಸ್ಪೀಕರಿಗೇ ಬೈದು ಒಳಗೆ ಹೋದಳು.

ನಾನು ವಾಲ್ವ್ ಕಿತ್ತು ಬೆಳಕಿಗೆ ಹಿಡಿದೆ. ಮಾವ ಸುಳ್ಳು ಹೇಳಿರಲಿಲ್ಲ. ಗಾಜಿನೊಳಗೆ ಉರಿಯುವ ಎಳೆ ಹರಿದು ಎರಡು ತುಂಡಾಗಿತ್ತು.

ಹಾಗೇ ವಾಪಸ್ ಸಿಕ್ಕಿಸಿದೆ. ಈಗಲೂ ಹಾಡುತ್ತಿದೆ.