ಅವನು ತಿದ್ದಿದ ಚೌಕಗಳು

"ರಸ್ತೆ ಪಕ್ಕ ಹತ್ತಿ ಮೂಟೆ ಕಂಡಿದ್ದು ಯಾರಿಗಮ್ಮಾ?"

ಅರವತ್ತು ತಲೆಗಳು ಒಟ್ಟಿಗೆ ತಿರುಗಿದವು. ತೇನ್ಮೊಳಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು!

ಕೆಲಸಕ್ಕೆ ಸೇರಿ ಎರಡನೇ ದಿನ. ಯಾವುದೋ ದೇಶದ ರಸ್ತೆಯ ಫೋಟೋ ಬರುತ್ತದೆ. ಅದರಲ್ಲಿರುವ ಕಾರು, ನಾಯಿ, ಮನುಷ್ಯರ ಸುತ್ತ ಚೌಕ ಎಳೆದು ಹೆಸರು ಬರೆಯಬೇಕು. ಅದನ್ನು ನೋಡಿ ನೋಡಿಯೇ ಯಂತ್ರ ಕಲಿಯುತ್ತದಂತೆ. ಅವಳು ಹಿಮದ ಗುಡ್ಡೆಗೆ ಹತ್ತಿ ಮೂಟೆ ಎಂದು ಬರೆದಿದ್ದಳು. ಮಗ್ಗದ ಸದ್ದಿನಲ್ಲೇ ಬೆಳೆದ ಕುಮಾರಪಾಳಯಂ ಹುಡುಗಿ ಹಿಮವನ್ನು ಎಲ್ಲಿ ಕಂಡಿರಬೇಕು, ನೀವೇ ಹೇಳಿ!

ಕೂಗಿದವನು ಮಾರನ್. ಎಲ್ಲರ ಚೌಕಗಳನ್ನೂ ಪರೀಕ್ಷಿಸುವವನು. ತಪ್ಪಿದ್ದರೆ ಕೆಂಪು ಗುರುತು ಹಾಕಿ ವಾಪಸ್ ಕಳಿಸುವುದೇ ಅವನ ಕೆಲಸ. ಹತ್ತಿರ ಬಂದವನು ಅವಳ ಕಣ್ಣಲ್ಲಿ ನೀರು ಕಂಡು ತಣ್ಣಗಾದ. ನಮ್ಮೂರಲ್ಲಿ ಯಾರಿಗಾದರೂ ಹಾಗೇ ಕಾಣೋದು ಎಂದು ಗೊಣಗಿ ಹೊರಟುಹೋದ.

ಆವತ್ತಿನಿಂದ ಅವಳ ಒಂದು ಚಿತ್ರವೂ ವಾಪಸ್ ಬರಲಿಲ್ಲ.

ಎಂಥಾ ದಿನಗಳು ಅವು... ಟವೆಲ್ ಗೋದಾಮಿನ ಮೇಲಿನ ಆ ಕಚೇರಿ, ಮಧ್ಯಾಹ್ನ ಒಂದೇ ಮೇಜಿನ ಮೇಲೆ ಬಿಚ್ಚಿಕೊಳ್ಳುತ್ತಿದ್ದ ಹದಿನೈದು ಡಬ್ಬಿಗಳು, ಹುಳಿಯನ್ನಕ್ಕೆ ಜಗಳ. ಮಾರನ್ ತನ್ನ ವಡೆಯನ್ನು ಸದ್ದಿಲ್ಲದೆ ಅವಳತ್ತ ಸರಿಸುತ್ತಿದ್ದ. ಗೆಳತಿಯರು ಕಾಲೆಳೆದರೆ ತೇನ್ಮೊಳಿ ಕೆನ್ನೆ ಕೆಂಪು ಮಾಡಿಕೊಂಡು ತಲೆ ತಗ್ಗಿಸುತ್ತಿದ್ದಳು. 'ಹೇಳ್ತಾನೆ... ಇವತ್ತಲ್ಲ ನಾಳೆ ಹೇಳ್ತಾನೆ' ಎಂದು ಎರಡು ವರ್ಷ ಕಾದಳು.

ಅಷ್ಟರಲ್ಲಿ ಕಲಿತ ಯಂತ್ರವೇ ಚೌಕ ಎಳೆಯತೊಡಗಿತು! ಇನ್ನು ಅದರ ತಪ್ಪು ಹಿಡಿಯಲು ಹನ್ನೆರಡು ಜನ ಸಾಕು ಎಂದರು ಮ್ಯಾನೇಜರ್. ಯಾರು ಉಳಿಯಬೇಕೆಂದು ನೋಡಲು ಎಲ್ಲರೂ ಮೊದಲು ಎಳೆದ, ತಿದ್ದುವುದಕ್ಕೂ ಹಿಂದಿನ ಚೌಕಗಳನ್ನು ತೆಗೆಸಿದರು. ತಾನೇ ಮೊದಲನೆಯವಳು ಅಂದುಕೊಂಡಿದ್ದ ತೇನ್ಮೊಳಿಯ ಹೆಸರು ಐವತ್ತೊಂದನೆಯದಾಗಿತ್ತು.

ಅವಳು ಮೆಟ್ಟಿಲ ಬಳಿ ಮಾರನ್‌ನನ್ನು ತಡೆದು ನಿಲ್ಲಿಸಿದಳು.

"ದಿನಕ್ಕೆ ನನ್ನವು ಎಷ್ಟು ತಿದ್ತಿದ್ರಿ ಸಾರ್?"

"ಇಪ್ಪತ್ತು... ಮೂವತ್ತು. ನೀವು ಅಳೋದು ನೋಡಕ್ಕಾಗ್ತಿರಲಿಲ್ಲ."

"ಅತ್ತಿದ್ರೆ ಕಲೀತಿದ್ದೆ. ನೀವು ಕಲಿಯೋಕೇ ಬಿಡಲಿಲ್ಲ."

ಅವನು ಪ್ರೀತಿಯಿಂದ ಮಾಡಿದ್ದೇ ಅವಳ ಅನ್ನಕ್ಕೆ ಕಲ್ಲು ಹಾಕಿತ್ತು. ನನ್ನನ್ನು ದಡ್ಡಿ ಅಂದುಕೊಂಡೇ ಇದ್ದನಲ್ಲ ಎಂಬ ಸಂಕಟದಲ್ಲಿ ಅವಳು ಫೋನ್ ನಂಬರನ್ನೇ ಬದಲಿಸಿಬಿಟ್ಟಳು.

ಒಂದೂವರೆ ವರ್ಷ ಹಟ ಹಿಡಿದು ಕಲಿತಳು. ಎರಡು ಸಲ ಫೇಲಾಗಿ, ಮೂರನೇ ಸಲ ಈರೋಡಿನ ಒಂದು ಕಚೇರಿಯಲ್ಲಿ ಯಂತ್ರದ ತಪ್ಪು ಹಿಡಿಯುವ ಕೆಲಸ ಗಿಟ್ಟಿಸಿದಳು. ಹೊಸಬರ ಪರೀಕ್ಷೆ ತಿದ್ದುವುದೂ ಅವಳಿಗೇ ಬಂತು.

ಒಂದು ಬೆಳಿಗ್ಗೆ ಪರೀಕ್ಷೆಗೆ ಕೂತವರಲ್ಲಿ ಮಾರನ್ ಇದ್ದ! ಜನ ಎಳೆದ ಚೌಕ ಪರೀಕ್ಷಿಸುವ ಅವನ ಹಳೆಯ ಕೆಲಸವನ್ನೂ ಯಂತ್ರ ನುಂಗಿತ್ತು. ಕೆನ್ನೆ ಒಳಗೆ ಹೋಗಿತ್ತು, ಅಂಗಿ ಮಾತ್ರ ಇಸ್ತ್ರಿಯಾಗಿತ್ತು.

ಯಂತ್ರ ಮಾಡಿದ ನಲವತ್ತು ತಪ್ಪು ಹಿಡಿಯಬೇಕಿತ್ತು. ಅವನು ಏಳು ಬಿಟ್ಟಿದ್ದ. ಐದಕ್ಕಿಂತ ಹೆಚ್ಚು ಬಿಟ್ಟರೆ ಫೇಲು. ಎರಡನ್ನು ನೋಡದ ಹಾಗೆ ಇದ್ದುಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. 'ಎರಡೇ ಎರಡು...' ಹಾಳೆ ಮಗುಚಿಟ್ಟಳು, ಮತ್ತೆ ತೆಗೆದಳು. ಅವನ ಕಷ್ಟ ಆಗ ಅವಳಿಗೆ ಪೂರಾ ಅರ್ಥವಾಯಿತು. ದಡ್ಡಿ ಅಂದುಕೊಂಡಿರಲಿಲ್ಲ ಅವನು, ಇದೇ ಇಕ್ಕಟ್ಟನ್ನು ದಿನವೂ ಅನುಭವಿಸಿದ್ದ.

ಆದರೂ ಏಳಕ್ಕೂ ಕೆಂಪು ಗುರುತು ಹಾಕಿದಳು. ಹಾಳೆ ಹಿಡಿದು ಹೊರಗಿನ ಬೆಂಚಿಗೆ ಬಂದು ಅವನ ಪಕ್ಕ ಕೂತಳು.

"ಫೇಲಾಗಿದ್ದೀರಿ. ಮುಂದಿನ ತಿಂಗಳು ಮತ್ತೆ ಬರೀಬಹುದು. ಅಲ್ಲೀವರೆಗೆ ದಿನಾ ಸಂಜೆ ಬನ್ನಿ, ನಾನು ಕಲಿಸ್ತೀನಿ."

ಹಾಳೆ ನೋಡುತ್ತಾ ಅವನ ಕಣ್ಣು ತುಂಬಿತು. ಅವಳು ಒರೆಸಲು ಹೋಗಲಿಲ್ಲ, ಅವನ ಕೈ ಹಿಡಿದುಕೊಂಡಳು.

"ತೇನ್ಮೊಳಿ... ಆವತ್ತು ಚಿತ್ರ ತಿದ್ದೋ ಬದಲು ಬಾಯಿಬಿಟ್ಟು ಹೇಳಬೇಕಿತ್ತು. ನೀವಂದ್ರೆ ನನಗೆ ಪ್ರಾಣ."

"ಎರಡು ವರ್ಷ ಕಾದಿದ್ದೆ ಕಣ್ರೀ."

"ಈಗ ಕೆಲಸಾನೂ ಇಲ್ಲ ನನಗೆ."

"ಕಲೀತೀರಲ್ಲ. ಭಾನುವಾರ ಅಪ್ಪ ಮನೇಲಿರ್ತಾರೆ, ಬಂದು ಕೇಳಿ."