ಬಣ್ಣ ಬಿಡುವ ಕೆಂಪು

"ಆ ಕೆಂಪು ತಗೊಳ್ತಿದ್ದೀರಾ? ಮೊದಲು ಉಪ್ಪುನೀರಲ್ಲಿ ನೆನೆಹಾಕಿ ಎರಡು ಸಲ ತೊಳೀರಿ. ಇಲ್ಲಾಂದ್ರೆ ಬಣ್ಣ ಬಿಡುತ್ತೆ, ಪಕ್ಕದಲ್ಲಿರೋ ಬಿಳಿಯನ್ನೆಲ್ಲ ಹಾಳು ಮಾಡುತ್ತೆ."

ಅವಳು ಹೀಗೆ ಹೇಳಿದ್ದು ಮುಖಪರಿಚಯವೂ ಇಲ್ಲದ ಒಬ್ಬ ಹೆಂಗಸಿಗೆ. ಆ ಹೆಂಗಸು ಕೆಂಪನ್ನು ಅಲ್ಲೇ ಬಿಟ್ಟು, ಎರಡು ಮೀಟರ್ ನೀಲಿ ಹರಿಸಿಕೊಂಡು ಹೋದಳು.

ಬಟ್ಟೆಯಂಗಡಿಯವನು ಕತ್ತರಿ ಕೆಳಗಿಟ್ಟ. "ಮೇಡಂ, ನೀವು ನನ್ನ ಗಿರಾಕಿಯೋ ಶತ್ರುವೋ? ಈ ತಿಂಗಳಲ್ಲಿ ಇದು ನಾಲ್ಕನೇ ಸಲ."

"ಇದ್ದದ್ದು ಹೇಳಿದೆ."

"ಅದೇ ತೊಂದರೆ," ಎಂದು ನಕ್ಕ.

ಅವಳ ಕೆಲಸವೇ ಅಂಥದು. ಅಚ್ಚಿಗೆ ಹೋಗುವ ಪುಸ್ತಕಗಳ ಕರಡು ತಿದ್ದುವುದು. ತಪ್ಪೊಂದು ಕಣ್ಣಿಗೆ ಬಿದ್ದ ಮೇಲೆ ಸುಮ್ಮನಿರುವುದು ಅವಳಿಗೆ ಬಾರದು.

ಮಿಕ್ಕ ಹೊತ್ತೆಲ್ಲ ತುಂಡುಬಟ್ಟೆಗಳದು. ಅಣ್ಣನ ಲ್ಯಾಪ್‌ಟಾಪಿಗೆ ಮೆತ್ತನೆಯ ಚೀಲ, ಅತ್ತಿಗೆಗೆ ಬಿಸಿ ಪಾತ್ರೆ ಹಿಡಿಯುವ ಜೋಡಿ ಕೈಬಟ್ಟೆ, ಮಂಡಿನೋವಿನ ಸೋದರತ್ತೆಗೆ ಕುರ್ಚಿಯ ದಿಂಬು, ಗೆಳತಿಯ ಮಗುವಿಗೆ ಅಂಗೈಯಗಲದ ಚೌಕಗಳ ಕೌದಿ. ಮನೆಯಲ್ಲಿ ಅವಳ ಹೆಸರೇ ಚಿಂದಿರಾಣಿ ಎಂದಾಗಿತ್ತು. ಅಂಗಡಿಯಲ್ಲಿ ಉಳಿದ ತುಂಡುಗಳನ್ನು ಬಿಸಾಡದೆ, ಬಿಸ್ಕತ್ತಿನ ದೊಡ್ಡ ಡಬ್ಬಿಯಲ್ಲಿ ಬಣ್ಣ ಬಣ್ಣವಾಗಿ ಜೋಡಿಸಿ ಮೂರು ವರ್ಷದಿಂದ ಅವಳಿಗಾಗಿ ಎತ್ತಿಡುತ್ತಿದ್ದವನು ಇವನು. ಶನಿವಾರ ಸಂಜೆ ಡಬ್ಬಿ ತೆಗೆದುಕೊಳ್ಳುವಾಗ ಇಬ್ಬರ ಬೆರಳು ತಗಲುತ್ತಿದ್ದವು. ಅಷ್ಟೇ. ಆ 'ಅಷ್ಟೇ'ಯಲ್ಲಿ ಅವಳ ಇಡೀ ವಾರ ಕಳೆಯುತ್ತಿತ್ತು.

ಆ ದಿನ ಅವನು ಡಬ್ಬಿಯನ್ನು ಕೊಡದೆ ಹಿಡಿದುಕೊಂಡೇ ನಿಂತ.

"ನನಗೆ ಕೌದಿ ಹೊಲಿಯೋದು ಹೇಳಿಕೊಡ್ತೀರಾ?"

"ಯಾಕೆ?"

"ಒಬ್ಬರಿಗೆ ಕೊಡಬೇಕು. ನನ್ನ ಕೈಯಲ್ಲೇ ಹೊಲಿದು ಕೊಡಬೇಕು ಅಂತ ಆಸೆ."

ಒಬ್ಬರಿಗೆ! ಅವಳ ಎದೆ ಧಸಕ್ಕೆಂದಿತು. ಬಾಯಿ ಮಾತ್ರ ಬಹಳ ಮರ್ಯಾದೆಯಿಂದ, "ಭಾನುವಾರ ಮಧ್ಯಾಹ್ನ ಮನೆಗೆ ಬನ್ನಿ," ಎಂದಿತು.

*

ಭಾನುವಾರ ಊಟದ ಮೇಜು ಖಾಲಿಯಾಯಿತು. ಅವಳು ತನ್ನ ಅಳತೆ ಪುಸ್ತಕ ತೆರೆದಳು. ಯಾರಿಗೆ ಏನು ಹೊಲಿದರೂ ಅವರ ಹೆಸರಿನಲ್ಲಿ ಅದರಲ್ಲೊಂದು ಹಾಳೆ ಇರಬೇಕು. ಹಾಳೆಯಲ್ಲಿ ಮೂರು ಪ್ರಶ್ನೆಗೆ ಉತ್ತರ ಇರಬೇಕು. ಅದಿಲ್ಲದೆ ಅವಳು ಸೂಜಿ ಮುಟ್ಟುವವಳಲ್ಲ.

"ಹೆಸರು?"

"ಹೆಸರು ಬೇಡ. 'ಅವರು' ಅಂತ ಬರ್ಕೊಳ್ಳಿ."

ಪೆನ್ಸಿಲಿನ ಮೊನೆ ಮುರಿಯಿತು. ಬೇರೆ ಪೆನ್ಸಿಲ್ ತೆಗೆದುಕೊಂಡಳು.

"ಎತ್ತರ?"

"ಹೆಚ್ಚುಕಮ್ಮಿ ನಿಮ್ಮಷ್ಟೇ."

"ಮೊದಲನೇ ಪ್ರಶ್ನೆ. ಯಾವ ಕಡೆ ತಿರುಗಿ ಮಲಗ್ತಾರೆ?"

ಅವನ ಕಿವಿ ಕೆಂಪಗಾಯಿತು. "ಅದು ನನಗಿನ್ನೂ ಗೊತ್ತಿಲ್ಲ."

ಇನ್ನೂ. ಎಷ್ಟೋ ಪುಸ್ತಕಗಳಲ್ಲಿ ಎಷ್ಟೋ ಪದಗಳನ್ನು ಅವಳು ಹೊಡೆದುಹಾಕಿದ್ದಳು. ಯಾವ ಪದದ ಮೇಲೂ ಇಷ್ಟು ಸಿಟ್ಟು ಬಂದಿರಲಿಲ್ಲ.

"ಚಳಿ ಎಲ್ಲಿಗೆ ಮೊದಲು ಹತ್ತುತ್ತೆ? ಭುಜಕ್ಕೋ ಕಾಲಿಗೋ?"

"ಕಾಲಿಗೆ. ನಿಂತಲ್ಲೇ ಒಂದು ಪಾದದ ಮೇಲೆ ಇನ್ನೊಂದು ಇಟ್ಟು ಉಜ್ಜಿಕೊಳ್ತಾ ಇರ್ತಾರೆ. ಅವರಿಗೇ ಗೊತ್ತಾಗಲ್ಲ."

ಅಷ್ಟು ನೋಡಿದ್ದಾನೆ. ಹೆಣ್ಣಿನ ಪಾದ ನೋಡುವಷ್ಟು! ಮೇಜಿನ ಕೆಳಗೆ ಅವಳು ತನ್ನ ತಣ್ಣನೆಯ ಪಾದಗಳನ್ನು ಒಂದಕ್ಕೊಂದು ಒತ್ತಿಕೊಂಡಳು.

"ಬಣ್ಣ? ಯಾವ ಬಣ್ಣ ಕಂಡ್ರೆ ಮೊದಲು ಕೈ ಹೋಗುತ್ತೆ?"

"ಕೆಂಪು," ಎಂದ, ಒಂದು ಕ್ಷಣವೂ ಯೋಚಿಸದೆ. ಆಮೇಲೆ ಕೇಳದಿದ್ದನ್ನೂ ಸೇರಿಸಿದ: "ನಗುವಾಗ ಬಾಯಿ ಮುಚ್ಚಿಕೊಂಡುಬಿಡ್ತಾರೆ. ನೋಡೋಣ ಅಂದ್ರೆ ಸಿಗಲ್ಲ."

ಆಗ ಅವಳಿಗೆ ಎಲ್ಲವೂ ಹೊಳೆಯಿತು. ಬಾಯಿ ಮುಚ್ಚಿಕೊಳ್ಳುವವರು! ಅಂಗಡಿಯ ಮೇಲಿನ ಮಹಡಿಯಲ್ಲಿ ಹಲ್ಲಿನ ಕ್ಲಿನಿಕ್ ಇದೆ. ಅಲ್ಲಿಯ ಡಾಕ್ಟರಮ್ಮ ದಿನವಿಡೀ ಮಾಸ್ಕ್ ಹಾಕಿಕೊಂಡೇ ಇರುತ್ತಾಳೆ. ತನ್ನಷ್ಟೇ ಎತ್ತರ. ಇಡೀ ದಿನ ಎ.ಸಿ. ಕೋಣೆಯಲ್ಲಿ ನಿಂತವಳಿಗೆ ಕಾಲು ತಣ್ಣಗಾಗದೆ ಇನ್ನೇನು? ಮಾಸ್ಕ್ ಇಳಿಸಿದಾಗ ಕಾಣುವ ಆ ಹಲ್ಲುಗಳೋ, ದಾರಕ್ಕೆ ಪೋಣಿಸಿದಂತೆ ಸಾಲಾಗಿವೆ.

ಅವನು ಹೋದ ಮೇಲೆ ಅತ್ತಿಗೆ ಕಾಫಿ ಕಪ್ಪುಗಳನ್ನು ಎತ್ತುತ್ತಾ ಕೇಳಿದಳು, "ಏನೇ ಚಿಂದಿರಾಣಿ, ಮುಖ ಯಾಕೆ ಗಂಟುಹಾಕ್ಕೊಂಡಿದ್ದೀಯ?"

"ಏನಿಲ್ಲ ಅತ್ತಿಗೆ. ಅವರು ಕೌದಿ ಹೊಲಿಯೋದು ಯಾರಿಗೆ ಅಂತ ಗೊತ್ತಾಯ್ತು."

"ನನಗೂ ಗೊತ್ತಾಯ್ತಪ್ಪ," ಎಂದು ಅತ್ತಿಗೆ ನಗುತ್ತಾ ಒಳಗೆ ಹೋದಳು. ಎಲ್ಲರಿಗೂ ಗೊತ್ತಿದೆ, ತಾನೇ ಕೊನೆಯವಳು ಎಂದು ಅವಳ ಕಣ್ಣು ತುಂಬಿತು.

*

ಮುಂದಿನ ಶನಿವಾರ ಪ್ರೆಸ್ಸಿನಿಂದ ಬರುವಾಗ ಕಣ್ಣಾರೆ ಕಂಡಳು. ಅಂಗಡಿಯ ಕನ್ನಡಿಯ ಮುಂದೆ ಡಾಕ್ಟರಮ್ಮ. ಮಾಸ್ಕ್ ಗಲ್ಲದ ಕೆಳಗಿತ್ತು. ಅದೇ ಕೆಂಪು ಬಟ್ಟೆ ಹೆಗಲ ಮೇಲಿತ್ತು.

"ನನಗೆ ಒಪ್ಪುತ್ತಾ?"

"ನಿಮಗೆ ಒಪ್ಪದ ಬಣ್ಣ ಯಾವುದಿದೆ ಡಾಕ್ಟ್ರೇ!"

ಮೂರು ವರ್ಷದಲ್ಲಿ ಒಂದು ಸಲವೂ ಅವನು ಅವಳಿಗೆ ಈ ಮಾತು ಹೇಳಿರಲಿಲ್ಲ. ಅವಳು ಡಬ್ಬಿ ಕೇಳದೆ ಹೊರಟುಬಂದಳು. ದಾರಿಯುದ್ದಕ್ಕೂ ಡಾಕ್ಟರಮ್ಮನ ಮೇಲೆ ಕೋಪ. ತನ್ನ ಬೂದುಬಣ್ಣದ ಉಡುಪಿನ ಮೇಲೂ ಕೋಪ.

ಮರುದಿನ ಅವನು ಬಂದು ಮೇಜಿನ ಮೇಲೆ ಬಟ್ಟೆ ಹರಡಿದ. ಬಿಳಿ, ತಿಳಿ ಹಳದಿ, ಮತ್ತೆ ಅದೇ ಕೆಂಪು. ಇಸ್ತ್ರಿಯ ಗೆರೆಗಳು ಹಾಗೇ ಇದ್ದವು.

"ಕೆಂಪು, ಬಿಳಿ ಅಕ್ಕಪಕ್ಕ ಇಟ್ರೆ ಚೆನ್ನಾಗಿರುತ್ತಾ?"

ಮಾತು ನಾಲಿಗೆಯ ತುದಿಗೆ ಬಂತು. ಉಪ್ಪುನೀರು, ಎರಡು ಸಲ. ಬಾಯಿ ತೆರೆದಳು. ಕನ್ನಡಿ, ಹೆಗಲು, ಹಲ್ಲುಗಳು ಕಣ್ಣ ಮುಂದೆ ಬಂದವು. ಬಾಯಿ ಮುಚ್ಚಿದಳು. ಪಕ್ಕದಲ್ಲಿದ್ದ ನೀರು ಎತ್ತಿ ಒಂದೇ ಉಸಿರಿಗೆ ಕುಡಿದಳು.

"ಇಡಿ. ಚೆನ್ನಾಗಿರುತ್ತೆ."

ಅವನು ಅವಳನ್ನೇ ನೋಡುತ್ತಿದ್ದ. "ಬೇರೆ ಏನಾದ್ರೂ ಹೇಳೋದಿದೆಯಾ?"

"ಇಲ್ಲ."

"ಖಂಡಿತ?"

"ಇಡಿ ಅಂದೆನಲ್ಲ! ಕತ್ತರಿಸಿ."

ಕತ್ತರಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಬಟ್ಟೆಗೆ ಒಂದು ಸಣ್ಣ ಗೀರು ಕೊಟ್ಟು ಸರ್ರನೆ ಎಳೆದರೆ ಗೆರೆ ಹಾಕಿದಂತೆ ಹರಿಯುತ್ತಿತ್ತು. ಆದರೆ ಸೂಜಿಗೆ ದಾರ ಪೋಣಿಸಲು ಬಾರದು. ಒಂದು ಕಣ್ಣು ಮುಚ್ಚಿ, ನಾಲಿಗೆ ಕಚ್ಚಿ, ಉಸಿರು ಹಿಡಿದು ಒದ್ದಾಡುವನು. ಕೊನೆಗೆ ಅವಳೇ ಪೋಣಿಸಿಕೊಡಬೇಕು. ಮೇಲೆ ಚೌಕಗಳು, ನಡುವೆ ಹತ್ತಿ, ಕೆಳಗೆ ಹಳೆಯ ಮೆತ್ತನೆಯ ಬಟ್ಟೆ. ಮೂರನ್ನೂ ಹಿಡಿದು ಅವನು ಹಾಕಿದ ಹೊಲಿಗೆ ದಾರಿ ತಪ್ಪಿದ ಇರುವೆಸಾಲಿನಂತಿತ್ತು. ಅದನ್ನು ಬಿಚ್ಚಿಸಬೇಕು ಎಂದುಕೊಂಡಳು. ಮನಸ್ಸು ಬರಲಿಲ್ಲ.

"ಸೊಟ್ಟ ಆಯ್ತಾ?"

"ಹೂಂ."

"ಅವರು ಬೈತಾರಾ?"

"ನನಗೇನು ಗೊತ್ತು? ಅವರನ್ನೇ ಕೇಳಿ."

ಬೆರಳಿಗೆ ಸೂಜಿ ಚುಚ್ಚಿದಾಗ ಅವಳು ತನ್ನ ಬೆರಳಿನ ಲೋಹದ ಟೊಪ್ಪಿಗೆ, ಅಂಗುಸ್ತಾನವನ್ನು, ತೆಗೆದು ಅವನ ಬೆರಳಿಗೆ ತೊಡಿಸಿದಳು. ಅವನ ಬೆರಳು ದಪ್ಪ, ಅರ್ಧಕ್ಕೇ ನಿಂತಿತು. ಇಬ್ಬರೂ ಅದನ್ನೇ ನೋಡುತ್ತಾ ಕೂತರು. ಆಗ ಅವಳಿಗೆ ನಗು ಬಂತು, ಕೈ ಬಾಯಿಗೆ ಹೋಯಿತು. ಅವನು ನಿಟ್ಟುಸಿರು ಬಿಟ್ಟು ಮತ್ತೆ ಸೂಜಿ ಹಿಡಿದ.

ಹೀಗೆ ನಾಲ್ಕು ಭಾನುವಾರ ಕಳೆದವು. ಕೌದಿ ಬೆಳೆದಷ್ಟೂ ಅವಳ ಸುಳ್ಳೂ ಬೆಳೆಯಿತು. ಆ ಒಂದೊಂದು ಹೊಲಿಗೆಗೂ ಅವನು ಪಟ್ಟ ಪಾಡು ಅವಳಿಗೆ ಗೊತ್ತು. ಮೊದಲ ಸಲ ತೊಳೆದ ದಿನವೇ ಬಿಳಿ ಚೌಕಗಳೆಲ್ಲ ಗಾಯದ ಪಟ್ಟಿಯಂತಾಗುತ್ತವೆ. ಡಾಕ್ಟರಮ್ಮ ನಗುತ್ತಾಳೆ. ಇವನು ಅಂಗಡಿಯಲ್ಲಿ ತಲೆತಗ್ಗಿಸಿ ಕೂರುತ್ತಾನೆ. ಮೊದಮೊದಲು ಈ ಚಿತ್ರ ಅವಳಿಗೆ ಹಿತವಾಗಿತ್ತು. ನಾಲ್ಕನೆಯ ಭಾನುವಾರ ಅವನು ಕೊನೆಯ ಗಂಟು ಹಾಕಿ, ಕೌದಿಯನ್ನು ಮಗುವಿನಂತೆ ತೋಳಲ್ಲಿ ಎತ್ತಿಕೊಂಡು, "ನಾಳೆ ಕೊಟ್ಟುಬಿಡ್ತೀನಿ," ಎಂದಾಗ ಆ ಹಿತವೆಲ್ಲ ಇಳಿದುಹೋಯಿತು.

*

ಸೋಮವಾರ ಬೆಳಿಗ್ಗೆ ಅವನು ಶಟರ್ ಎತ್ತುವಾಗಲೇ ಅವಳು ಮುಂದೆ ನಿಂತಿದ್ದಳು. ಕೈಯಲ್ಲಿ ಅಳತೆ ಪುಸ್ತಕ. ಬಹಳ ಯೋಚಿಸಿ ಜೋಡಿಸಿಕೊಂಡು ಬಂದ ವಾಕ್ಯಗಳೆಲ್ಲ ಒಟ್ಟಿಗೇ ಉರುಳಿದವು.

"ಕೊಡಬೇಡಿ. ಆ ಕೆಂಪು ಬಣ್ಣ ಬಿಡುತ್ತೆ. ನನಗೆ ಗೊತ್ತಿತ್ತು, ಬೇಕೂಂತಲೇ ಹೇಳಲಿಲ್ಲ. ಕೆಂಪು ಚೌಕ ಎಲ್ಲಾ ಬಿಚ್ಚಿ ನಾನೇ ಬೇರೆ ಹಾಕಿಕೊಡ್ತೀನಿ. ಒಂದು ವಾರ ಟೈಮ್ ಕೊಡಿ."

ಅವನು ಶಟರ್ ಅರ್ಧಕ್ಕೇ ಬಿಟ್ಟ. "ಯಾಕೆ ಹೇಳಲಿಲ್ಲ?"

"ಹೊಟ್ಟೆಕಿಚ್ಚು."

"ಯಾರ ಮೇಲೆ?"

ಅವಳು ಗೋಣೆತ್ತಿ ಮೇಲಿನ ಮಹಡಿಯ ಬೋರ್ಡು ತೋರಿಸಿದಳು. ಅವನು ಬೋರ್ಡು ನೋಡಿದ, ಅವಳನ್ನು ನೋಡಿದ. ನಕ್ಕು ನಕ್ಕು ಮೆಟ್ಟಿಲ ಮೇಲೆ ಕೂತುಬಿಟ್ಟ.

"ಡಾಕ್ಟ್ರಮ್ಮನಿಗಾ? ಅವರು ಆ ಕೆಂಪನ್ನ ಹೆಗಲಿಗೆ ಹಾಕಿ ನೋಡಿ, ಕೊನೆಗೆ ಕ್ಲಿನಿಕ್ಕಿಗೆ ಪರದೆ ಹೊಲಿಸಿದ್ರು, ಅಷ್ಟೇ ರೀ!"

"ನಗಬೇಡಿ. 'ನಿಮಗೆ ಒಪ್ಪದ ಬಣ್ಣ ಯಾವುದಿದೆ' ಅಂದ್ರಲ್ಲ, ಕೇಳಿಸಿಕೊಂಡೆ."

"ಅದು ಬರೋ ಗಿರಾಕಿಗೆಲ್ಲ ಹೇಳೋ ಮಾತು. ಅದನ್ನ ನಿಮಗೆ ಹೇಗೆ ಹೇಳ್ಲಿ?" ಅವನ ನಗು ನಿಂತಿತು. "ನಾನು ಬಟ್ಟೆ ಅಂಗಡಿಯವನು. ಆ ಕೆಂಪನ್ನ ಉಪ್ಪುನೀರಲ್ಲಿ ಮೂರು ಸಲ ತೊಳೆದು, ಒಣಗಿಸಿ, ಇಸ್ತ್ರಿ ಮಾಡಿಯೇ ತಂದಿದ್ದೆ. ನೀವು 'ತೊಳೆದ್ರಾ?' ಅಂತ ಕೇಳ್ತೀರಿ, 'ತೊಳೆದೆ' ಅಂತ ಜಂಬ ಕೊಚ್ಚಿಕೊಳ್ಳೋಣ ಅಂತ ಕಾಯ್ತಾ ಕೂತಿದ್ದೆ."

ಅವಳು ಅಳತೆ ಪುಸ್ತಕವನ್ನು ಎದೆಗೊತ್ತಿಕೊಂಡಳು.

"ಗುರುತಿಲ್ಲದವರಿಗೂ ಕರೆದು ಹೇಳ್ತೀರಿ. ನನಗೊಬ್ಬನಿಗೆ ಹೇಳಲಿಲ್ಲ. ಬಾಯಿ ತೆಗೆದ್ರಿ, ಮುಚ್ಚಿದ್ರಿ, ನೀರು ಕುಡಿದ್ರಿ. ಅವತ್ತು ಗೊತ್ತಾಯ್ತು ನನಗೆ, ಇದು ಹೊಟ್ಟೆಕಿಚ್ಚೇ ಅಂತ. ಮನೆವರೆಗೂ ಶಿಳ್ಳೆ ಹಾಕ್ಕೊಂಡು ಹೋದೆ."

"ಅಂದ್ರೆ, ನಾನು ಇಷ್ಟು ದಿನ ಬೇಯ್ತಾ ಇದ್ದದ್ದು ನಿಮಗೆ ಗೊತ್ತಿತ್ತು!"

"ಗೊತ್ತಿತ್ತು. ತಪ್ಪೇ. ಆದ್ರೆ ಹೇಳಿಬಿಟ್ರೆ ಭಾನುವಾರಗಳು ಮುಗಿದುಹೋಗ್ತಿದ್ವಲ್ಲ."

ಒಳಗಿನಿಂದ ಕೌದಿ ತಂದು ಅವಳ ತೋಳಿಗೆ ಹಾಕಿದ. ಅವಳು ಮಾತು ನಂಬುವವಳಲ್ಲ. ಚೀಲದಿಂದ ಬಿಳಿ ಕರವಸ್ತ್ರ ತೆಗೆದು, ಬಾಟಲಿಯ ನೀರಲ್ಲಿ ಅದ್ದಿ, ಒಂದು ಕೆಂಪು ಚೌಕವನ್ನು ಗಟ್ಟಿಯಾಗಿ ಉಜ್ಜಿದಳು. ಕರವಸ್ತ್ರ ಬಿಳಿಯಾಗಿಯೇ ಉಳಿಯಿತು.

"ಈಗ ನಿಮ್ಮ ಪುಸ್ತಕ ತೆಗೆದು 'ಅವರ' ಹಾಳೆ ಓದಿ," ಎಂದ. "ಮೊದಲನೇ ಭಾನುವಾರ ನೀವು ಎದ್ದು ಒಳಗೆ ಹೋದಾಗ ಪೂರ್ತಿ ತಿರುವಿ ನೋಡಿದ್ದೆ. ಅಣ್ಣ, ಅತ್ತಿಗೆ, ಸೋದರತ್ತೆ, ಗೆಳತಿಯರು, ಗೆಳತಿಯರ ಮಕ್ಕಳು, ಎಲ್ಲರದ್ದೂ ಇದೆ. ನಿಮ್ಮದೊಂದಿಲ್ಲ."

ಅವಳು ಓದಿದಳು. ತನ್ನದೇ ಅಕ್ಷರ. ಎತ್ತರ, ನನ್ನಷ್ಟು. ಚಳಿ, ಕಾಲಿಗೆ. ಆಗಲೂ ಎಡಪಾದದ ಮೇಲೆ ಬಲಪಾದವಿತ್ತು. ಮೆಲ್ಲಗೆ ಇಳಿಸಿದಳು. ನಗು, ಬಾಯಿ ಮುಚ್ಚಿ. ಊರವರ ತಪ್ಪನ್ನೆಲ್ಲ ಹಿಡಿಯುವ ಕಣ್ಣು ಒಂದು ತಿಂಗಳು ಈ ನಾಲ್ಕು ಸಾಲನ್ನು ದಾಟಿಹೋಗಿತ್ತು.

"ಕೆಂಪು ತಪ್ಪು," ಎಂದಳು. "ನಾನು ಬೂದು ಹಾಕ್ಕೊಳ್ಳೋದು."

"ಪ್ರತಿ ಶನಿವಾರ ಮೊದಲು ಕೆಂಪು ಮುಟ್ತೀರಿ. ಒಂದು ನಿಮಿಷ ಸವರ್ತೀರಿ. ಆಮೇಲೆ ಬೂದು ಕೊಡಿ ಅಂತೀರಿ."

ಆಗಲೇ ಮೆಟ್ಟಿಲೇರಲು ಬಂದ ಡಾಕ್ಟರಮ್ಮ ಕೌದಿಯ ಅಂಚು ಹಿಡಿದಳು. "ಅಯ್ಯೋ, ಎಷ್ಟು ಚೆನ್ನಾಗಿದೆ! ನೀವೇ ಹೊಲಿದ್ರಾ? ನನಗೂ ಒಂದು ಮಾಡಿಕೊಡಿ."

"ಇವರು ಮಾಡಲ್ಲ," ಎಂದು ಅವಳು ಅಂಚನ್ನು ಮೆಲ್ಲಗೆ, ಆದರೆ ಗಟ್ಟಿಯಾಗಿ ಎಳೆದುಕೊಂಡಳು. "ನಾನು ಮಾಡಿಕೊಡ್ತೀನಿ. ನಿಮಗೆ ಯಾವ ಬಣ್ಣ ಇಷ್ಟ? ಕೆಂಪು ಬಿಟ್ಟು."

ಡಾಕ್ಟರಮ್ಮ ಇಬ್ಬರನ್ನೂ ನೋಡಿ, ಹುಬ್ಬೇರಿಸಿ, "ಹಸಿರು," ಎಂದು ಹೇಳಿ ಮೇಲೆ ಹೋದಳು. ಬಟ್ಟೆಯಂಗಡಿಯವನ ಭುಜ ಕುಲುಕುತ್ತಿತ್ತು. ಅವಳಿಗೂ ನಗು ತಡೆಯಲಿಲ್ಲ. ಕೈ ಬಾಯಿಗೆ ಹೊರಟಿತು. ಕೈತುಂಬ ಕೌದಿಯಿತ್ತು, ಬಾಯಿಯವರೆಗೆ ಏರಲಿಲ್ಲ. ಅವನು ಮೊದಲ ಸಲ ಅವಳ ನಗುವನ್ನು ಪೂರ್ತಿಯಾಗಿ ನೋಡಿದ. ನೋಡುತ್ತಲೇ ನಿಂತ.

"ಹಾಗೆ ನೋಡಬೇಡಿ. ಕೆಲಸ ಇದೆ." ಕೌದಿಯನ್ನು ಹೆಗಲಿಗೆ ಹಾಕಿಕೊಂಡು, ಪುಸ್ತಕದ ಹೊಸ ಹಾಳೆ ತೆರೆದು, ಪೆನ್ಸಿಲ್ ಹಿಡಿದಳು. ಹಾಳೆಯ ಮೇಲೆ ಅವನ ಹೆಸರು ಬರೆದಳು. "ನಿಮಗೆ ಒಂದು ಹೊಲಿಬೇಕು. ಮೊದಲನೇ ಪ್ರಶ್ನೆ. ಯಾವ ಕಡೆ ತಿರುಗಿ ಮಲಗ್ತೀರಿ?"

ಅವನು ಶಟರನ್ನು ಪೂರ್ತಿ ಮೇಲಕ್ಕೆ ತಳ್ಳಿದ. ಬೆಳಗಿನ ಬಿಸಿಲು ಒಳಗಿನ ಬಟ್ಟೆಗಳ ಮೇಲೆಲ್ಲ ಹರಡಿತು.

"ನಿಮ್ಮ ಕಡೆ," ಎಂದ.

ಅವಳು ತಲೆಯೆತ್ತದೆ, ಒಂದಕ್ಷರವೂ ತಪ್ಪದಂತೆ ಬರೆದುಕೊಂಡಳು.